ಅಷ್ಟು ದುಡ್ಡಿದ್ದೂ ಅಮೆರಿಕದವರಿಗೆ ನೆಮ್ಮದಿ ಯಾಕಿಲ್ಲ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗ ಇದೆ. ಪಾಶ್ಚಾತ್ಯರ ಹತ್ತಿರ ಬೇಕಾದಷ್ಟು ದುಡ್ಡಿದ್ದೂ ಯಾಕೆ ಖಿನ್ನತೆ, ಡ್ರಗ್ಸ್, ಆತ್ಮಹತ್ಯೆ ಅಂತ ಒಂದು. ಬಡತನವಿದ್ದರೂ ಕುಟುಂಬ, ಸಂಸ್ಕಾರ ಇರುವುದರಿಂದ ನಾವೇ ಸುಖಿಗಳಲ್ಲವೇ ಅಂತ ಇನ್ನೊಂದು. ಎರಡನೆಯದಕ್ಕೆ ಉತ್ತರ ನೀವೇ ಬರೆದುಕೊಂಡು ಬಂದು ನಮ್ಮ ಸಹಿ ಮಾತ್ರ ಕೇಳುತ್ತಿದ್ದೀರಿ. ಕ್ಷಮಿಸಿ, ನಾನು ಹಾಕಲಾರೆ.

ಅದನ್ನೇ ಮೊದಲು ಮುಗಿಸಿಬಿಡೋಣ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1.7 ಲಕ್ಷಕ್ಕೂ ಹೆಚ್ಚು. ಲಕ್ಷ ಜನರಿಗೆ 12.4. ಅದೇ ವರ್ಷ ಅಮೆರಿಕದಲ್ಲಿ 14ರ ಆಸುಪಾಸು. ಅಜಗಜಾಂತರವೇನೂ ಇಲ್ಲ, ಅದೂ ನಮ್ಮಲ್ಲಿ ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಸಾವುಗಳನ್ನು ಬಿಟ್ಟು. ನಮ್ಮ ಆ ಪಟ್ಟಿಯಲ್ಲಿ ಮೊದಲನೇ ಕಾರಣ ಅಂತ ಬರೆದಿರುವುದು ‘ಕೌಟುಂಬಿಕ ಸಮಸ್ಯೆ’, ಒಟ್ಟು ಸಾವಿನಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಸತ್ತವರಲ್ಲಿ ಸುಮಾರು ಕಾಲು ಭಾಗ ದಿನಗೂಲಿಯವರು. ದೂರದ ಬೆಟ್ಟ ನುಣ್ಣಗೆ ಅಂತಾರೆ, ಈ ಒಂದು ವಿಷಯದಲ್ಲಿ ಮಾತ್ರ ಅದು ಕಲ್ಲುಮುಳ್ಳಾಗಿ ಕಂಡರೇ ನಮಗೆ ಸಮಾಧಾನ.

ಇನ್ನು ‘ಪಾಶ್ಚಾತ್ಯರು’ ಅಂತ ಎಲ್ಲರನ್ನೂ ಒಂದೇ ಗಂಟು ಕಟ್ಟಲಾಗದು. ಫಿನ್ಲೆಂಡ್ ಕೂಡ ಅಲ್ಲೇ ಇದೆ, ವಿಶ್ವ ಸಂತೋಷ ವರದಿಯಲ್ಲಿ 2018ರಿಂದ 2025ರವರೆಗೆ ಪ್ರತಿ ವರ್ಷ ಅದೇ ಮೊದಲು. 2025ರಲ್ಲಿ ಅಮೆರಿಕ 24ನೇ ಸ್ಥಾನ, ಭಾರತ 118. ಆ ವರದಿಗಾಗಿ ಜನರನ್ನು ಕೇಳುವುದು ‘ಖುಷಿಯಾಗಿದ್ದೀರಾ’ ಅಂತಲ್ಲ. ಸೊನ್ನೆಯಿಂದ ಹತ್ತರವರೆಗೆ ಒಂದು ಏಣಿ ಇದೆ ಅಂದುಕೊಳ್ಳಿ, ನಿಮ್ಮ ಬದುಕು ಎಷ್ಟನೇ ಮೆಟ್ಟಿಲಲ್ಲಿದೆ ಅಂತ. ಹಾಗಾಗಿ ಯಾವ ದೇಶದವರು ಹೆಚ್ಚು ನಗುತ್ತಾರೆ ಅಂತ ಅದರಲ್ಲಿ ಹುಡುಕಬೇಡಿ. ಆದರೆ ಶ್ರೀಮಂತ ದೇಶದವರೆಲ್ಲ ಒಳಗೊಳಗೇ ಅಳುತ್ತಿದ್ದಾರೆ ಅನ್ನುವ ವಾಟ್ಸಾಪ್ ಜ್ಞಾನಕ್ಕಂತೂ ಅಲ್ಲಿ ಆಧಾರ ಸಿಗುವುದಿಲ್ಲ.

ನಾನಿರುವುದು ಒಹಾಯೊ ರಾಜ್ಯದ ಡೇಟನ್‌ನಲ್ಲಿ, ಔಷಧದ ಅಂಗಡಿಯೊಂದರಲ್ಲಿ ಫಾರ್ಮಸಿಸ್ಟ್. ಇಲ್ಲಿನ ಹತಾಶೆ ನಿಜ, ಅದನ್ನು ಅಲ್ಲಗಳೆಯುತ್ತಿಲ್ಲ. 2015ರಲ್ಲಿ ಆ್ಯನ್ ಕೇಸ್ ಮತ್ತು ಆ್ಯಂಗಸ್ ಡೀಟನ್ ಎಂಬ ಅರ್ಥಶಾಸ್ತ್ರಜ್ಞ ದಂಪತಿ ಒಂದು ಪ್ರಬಂಧ ಪ್ರಕಟಿಸಿದರು (ಡೀಟನ್‌ಗೆ ನೊಬೆಲ್ ಬಂದದ್ದೂ ಅದೇ ವರ್ಷ). ಬೇರೆ ಶ್ರೀಮಂತ ದೇಶಗಳಲ್ಲಿ ನಡುವಯಸ್ಸಿನವರ ಸಾವು ಇಳಿಯುತ್ತಿದ್ದಾಗ ಅಮೆರಿಕದಲ್ಲಿ 45ರಿಂದ 54 ವಯಸ್ಸಿನ ಬಿಳಿಯರ ಸಾವು ಮಾತ್ರ 1999ರಿಂದ ಏರುತ್ತಾ ಹೋಗಿತ್ತು. ಮಾದಕದ್ರವ್ಯ, ಕುಡಿತದಿಂದ ಕೆಟ್ಟ ಲಿವರ್, ಆತ್ಮಹತ್ಯೆ, ಈ ಮೂರೂ ಸೇರಿ ‘ಹತಾಶೆಯ ಸಾವುಗಳು’ ಅಂತ ಹೆಸರಾಯಿತು. ಮುಂದೆ ಕೆದಕಿದಾಗ ಕಂಡದ್ದು ಇದು: ನಾಲ್ಕು ವರ್ಷದ ಡಿಗ್ರಿ ಇದ್ದವರಲ್ಲಿ ಈ ಸಾವುಗಳು ಅಷ್ಟಾಗಿ ಏರಿರಲಿಲ್ಲ, ಏರಿದ್ದು ಡಿಗ್ರಿ ಇಲ್ಲದವರಲ್ಲಿ. ಅಂದರೆ ದುಡ್ಡು ಜಾಸ್ತಿಯಾಗಿ ಬದುಕು ಬೇಸರ ಬಂದವರ ಕಥೆ ಇದಲ್ಲ. ದೇಶ ಶ್ರೀಮಂತವಾಗುತ್ತಿದ್ದಾಗ ಕೈಲಿದ್ದದ್ದನ್ನೂ ಕಳೆದುಕೊಂಡವರದ್ದು.

ಡೇಟನ್‌ನಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಪಕ್ಕದ ಮೊರೇನ್‌ನಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ ಇತ್ತು, 2008ರ ಕ್ರಿಸ್ಮಸ್‌ಗೆ ಎರಡು ದಿನ ಮುಂಚೆ ಬಾಗಿಲು ಹಾಕಿತು. ಮರುವರ್ಷ ಎನ್‌ಸಿಆರ್, ಕ್ಯಾಶ್ ರಿಜಿಸ್ಟರ್ ಮಾಡುತ್ತಾ ಇದೇ ಊರಲ್ಲಿ 1884ರಲ್ಲಿ ಹುಟ್ಟಿದ ಕಂಪನಿ, ತನ್ನ ಮುಖ್ಯ ಕಚೇರಿಯನ್ನು ಜಾರ್ಜಿಯಾಕ್ಕೆ ಒಯ್ಯುತ್ತೇನೆ ಅಂದಿತು. ಜನರಲ್ ಮೋಟರ್ಸ್‌ನ ಖಾಲಿ ಕಟ್ಟಡವನ್ನು 2014ರಲ್ಲಿ ಚೀನಾದ ಗಾಜಿನ ಕಂಪನಿ ಫುಯಾವೊ ಕೊಂಡಿತು. ಕೆಲಸ ವಾಪಸ್ ಬಂತು, ಹಳೇ ಸಂಬಳ ಬರಲಿಲ್ಲ. ಹೈಸ್ಕೂಲ್ ಮುಗಿಸಿ ಕಾರ್ಖಾನೆ ಸೇರಿ, ಅದರಲ್ಲೇ ಮನೆ ಮಾಡಿ, ಮಕ್ಕಳನ್ನು ಓದಿಸಿದ ತಲೆಮಾರಿಗೆ ಆ ಕೆಲಸದ ಜೊತೆ ಆರೋಗ್ಯವಿಮೆ, ಯೂನಿಯನ್, ಊರಲ್ಲಿ ಒಂದು ಗೌರವ ಎಲ್ಲ ಇತ್ತು. ಇಲ್ಲಿ ಬಹಳ ಜನರ ವಿಮೆ ಕೆಲಸಕ್ಕೇ ಅಂಟಿಕೊಂಡಿರುತ್ತದೆ ಅನ್ನುವುದು ನಮ್ಮೂರಿನವರಿಗೆ ಬೇಗ ಅರ್ಥವಾಗುವುದಿಲ್ಲ. ಕೆಲಸ ಹೋದರೆ ಡಾಕ್ಟರೂ ಹೋದ ಹಾಗೆ. ರಕ್ತದೊತ್ತಡದ ಮಾತ್ರೆ ಮೂವತ್ತು ಬರೆದಿದ್ದರೆ “ಸದ್ಯಕ್ಕೆ ಹದಿನೈದು ಕೊಡಿ, ಶುಕ್ರವಾರ ಸಂಬಳ” ಅನ್ನುವವರನ್ನು ನಾನು ಈಗಲೂ ನೋಡುತ್ತೇನೆ.

ಇಂಥ ಹೊತ್ತಿಗೆ ಸರಿಯಾಗಿ ಮಾತ್ರೆ ಊರು ತುಂಬಿತ್ತು. ಪರ್ಡ್ಯೂ ಕಂಪನಿಯ ಆಕ್ಸಿಕಾಂಟಿನ್ 1996ರಲ್ಲಿ ಮಾರುಕಟ್ಟೆಗೆ ಬಂದ, ಅಫೀಮಿನ ಜಾತಿಯ ನೋವಿನ ಮಾತ್ರೆ. ಚಟದ ಅಪಾಯದ ಬಗ್ಗೆ ದಾರಿ ತಪ್ಪಿಸಿದ್ದನ್ನು ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ವರ್ಷಗಟ್ಟಲೆ ಭಾರ ಎತ್ತಿ ಸೊಂಟ ಹಿಡಿದವರಿಗೆ ಡಾಕ್ಟರು ಬರೆದುಕೊಟ್ಟದ್ದು ಇದನ್ನೇ. ಡಾಕ್ಟರು ಚೀಟಿ ಬರೆಯುವುದು ಬಿಗಿಯಾದಾಗ ಚಟ ಹತ್ತಿದವರಲ್ಲಿ ಹಲವರು ಹೆರಾಯಿನ್‌ಗೆ ಇಳಿದರು, ಆಮೇಲೆ ಬೀದಿಗೆ ಅದಕ್ಕಿಂತ ಎಷ್ಟೋ ಪಾಲು ತೀಕ್ಷ್ಣವಾದ ಫೆಂಟನಿಲ್ ಬಂತು. ಡೇಟನ್ ಇರುವ ಮಾಂಟ್ಗೊಮರಿ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಜನಸಂಖ್ಯೆ ಐದೂಕಾಲು ಲಕ್ಷದಷ್ಟು. 2017 ಒಂದೇ ವರ್ಷದಲ್ಲಿ ಅಲ್ಲಿ ಮಾದಕದ್ರವ್ಯ ಮಿತಿಮೀರಿ ಸತ್ತವರು ಐನೂರಕ್ಕೂ ಹೆಚ್ಚು.

ದುಡ್ಡಿಗೂ ಸುಖಕ್ಕೂ ಸಂಬಂಧವಿಲ್ಲ ಅನ್ನುವವರು ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅದೇ ಡೀಟನ್‌ರ 2010ರ ಅಧ್ಯಯನ ಹಿಡಿದುಕೊಂಡು ಬರುತ್ತಾರೆ: ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನದಿನದ ಖುಷಿ ಏರುವುದಿಲ್ಲ ಅಂತ. 2023ರಲ್ಲಿ ಅದೇ ಕಾನೆಮನ್, ಅದನ್ನು ಪ್ರಶ್ನಿಸಿದ್ದ ಸಂಶೋಧಕ ಕಿಲ್ಲಿಂಗ್ಸ್‌ವರ್ತ್ ಜೊತೆ ಕೂತು ಮತ್ತೆ ಲೆಕ್ಕ ಹಾಕಿದಾಗ ಬಹುಪಾಲು ಜನರಿಗೆ ಅದಾದ ಮೇಲೂ ಏರುತ್ತದೆ ಅಂತ ಬಂತು. ಏರದೆ ನಿಲ್ಲುವುದು ಮೊದಲೇ ತುಂಬ ನೊಂದಿರುವ ಸಣ್ಣ ಗುಂಪಿನಲ್ಲಿ. ಇದು ಯಾಕೋ ಫಾರ್ವರ್ಡ್ ಆಗುವುದಿಲ್ಲ.

ಒಂಟಿತನದ ಮಾತೂ ಬರುತ್ತದೆ. ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದಲ್ಲಿ ಸರ್ಕಾರದ ಮುಖ್ಯ ವೈದ್ಯರಾಗಿದ್ದ ವಿವೇಕ್ ಮೂರ್ತಿ (ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು) 2023ರಲ್ಲಿ ಇದನ್ನೇ ಸಾರ್ವಜನಿಕ ಆರೋಗ್ಯದ ಸಮಸ್ಯೆ ಅಂತ ಘೋಷಿಸಿದರು. ಒಪ್ಪುತ್ತೇನೆ. ಆದರೆ ಇಲ್ಲಿ ಒಂಟಿತನ ಸಂಸ್ಕಾರವಿಲ್ಲದ್ದರಿಂದ ಬಂತು ಅಂದರೆ ಒಪ್ಪುವುದಿಲ್ಲ. ಸ್ಥಿರ ಕೆಲಸ ಇಲ್ಲದವರು ಮದುವೆಯಾಗುವುದೂ ಕಡಿಮೆಯಾಯಿತು, ಯೂನಿಯನ್ ಹಾಲ್‌ಗೆ ಹೋಗುವ ಕಾರಣವೂ ಉಳಿಯಲಿಲ್ಲ. ಕುಟುಂಬ ಇಲ್ಲವೆಂದೂ ಅಲ್ಲ. ನಮ್ಮ ಕೌಂಟರಿಗೆ ಒಬ್ಬ ಅಜ್ಜಿ ಬರುತ್ತಾರೆ, ಮಗಳ ಮಕ್ಕಳನ್ನು ಸಾಕುತ್ತಿರುವವರು. ನಾಲಾಕ್ಸೋನ್ ಅಂತ ಮೂಗಿಗೆ ಹೊಡೆಯುವ ಸ್ಪ್ರೇ ಇದೆ, ಓವರ್‌ಡೋಸ್ ಆಗಿ ಉಸಿರು ನಿಲ್ಲುತ್ತಿರುವವರನ್ನು ಎಬ್ಬಿಸುವಂಥದ್ದು. ಪೆಟ್ಟಿಗೆಯಲ್ಲಿ ಎರಡಿರುತ್ತದೆ. ಆಕೆ ಕೌಂಟರಿನಲ್ಲೇ ಒಡೆದು ಒಂದನ್ನು ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು, ಇನ್ನೊಂದು ಮಗಳ ಹಾಸಿಗೆ ಪಕ್ಕಕ್ಕೆ ಅಂದರು.

2018ರಲ್ಲಿ ಈ ಕೌಂಟಿಯ ಓವರ್‌ಡೋಸ್ ಸಾವು ಸುಮಾರು ಅರ್ಧಕ್ಕೆ ಇಳಿಯಿತು. ಕಾರ್ಫೆಂಟನಿಲ್ ಎಂಬ ಇನ್ನೂ ಘೋರ ವಿಷ ಬೀದಿಯಲ್ಲಿ ಕಡಿಮೆಯಾದದ್ದು ಒಂದು ಕಾರಣ. ರಾಜ್ಯ 2014ರಲ್ಲಿ ಮೆಡಿಕೇಡ್ ಸರ್ಕಾರಿ ವಿಮೆಯನ್ನು ಕಡಿಮೆ ಆದಾಯದ ವಯಸ್ಕರಿಗೂ ವಿಸ್ತರಿಸಿದ್ದರಿಂದ ಚಿಕಿತ್ಸೆ ಕೈಗೆಟುಕಿದ್ದು, ನಾಲಾಕ್ಸೋನ್ ಪೊಲೀಸರ ಕೈಗೂ ಬಂದದ್ದು ಇನ್ನೊಂದು. ಅಷ್ಟು ಬೇಗ ಈ ಊರಿನವರಿಗೆ ಹೊಸ ಸಂಸ್ಕಾರವೇನೂ ಬಂದಿರಲಿಲ್ಲ. 2023ರಿಂದ ಆ ಸ್ಪ್ರೇಗೆ ಡಾಕ್ಟರ ಚೀಟಿಯೂ ಬೇಡ. ಬೆಲೆ ಮಾತ್ರ ಆಗ ಎರಡಕ್ಕೆ 45 ಡಾಲರಿನಷ್ಟಿತ್ತು, ಬೇಕಾದವರ ಕೈಲಿ ಅಷ್ಟು ದುಡ್ಡು ಇರುವುದಿಲ್ಲ. ಪ್ರಾಜೆಕ್ಟ್ ಡಾನ್ ಅನ್ನುವ ರಾಜ್ಯದ ಯೋಜನೆಯಲ್ಲಿ ಪುಕ್ಕಟೆ ಸಿಗುತ್ತದೆ ಅಂತ ನಾವೇ ಹೇಳಿ ಕಳಿಸುತ್ತೇವೆ.