ಅಜ್ಜಿಯ ಹವಳದ ಸರ: ಕಲ್ಲೋ, ಪ್ರಾಣಿಯೋ?

ಸಿಂಧನೂರಿನ ಅಕ್ಕಾ, ಹವಳ ಕಲ್ಲಲ್ಲ, ಪ್ರಾಣಿಯ ಎಲುಬು ಅಂತ ನಿಮ್ಮ ಮಗಳು ಹೇಳಿದ್ದು ನಿಜ. ಹುಣಸೆಹಣ್ಣು ಹಚ್ಚಿ ತೊಳೆದ ಮೇಲೆ ಸರ ಯಾಕೆ ಮಸುಕಾಯಿತು ಅಂತಲೂ ಕೇಳಿದ್ದೀರಿ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ.

ಆಭರಣದ ಕೆಂಪು ಹವಳಕ್ಕೆ ಹೆಸರಾದದ್ದು ಮೆಡಿಟರೇನಿಯನ್ ಸಮುದ್ರ. ಅಲ್ಲಿ ಬಂಡೆಗಳ ಅಡಿಯಲ್ಲಿ, ಗುಹೆಗಳಲ್ಲಿ, ಬೆಳಕು ಕಡಿಮೆ ಇರುವ ಕಡೆ ಇದು ಪುಟ್ಟ ಗಿಡದ ಹಾಗೆ ಬೆಳೆಯುತ್ತದೆ. ಕೊಂಬೆ ಕೆಂಪು, ಅದೇ ನಿಮ್ಮ ಮಗಳು ಹೇಳಿದ ಎಲುಬು. ಅದರ ಮೇಲೆ ಹೂವಿನಂತೆ ಅರಳುವ ಜೀವಿಗಳು ಬಿಳಿ. ಒಂದೊಂದಕ್ಕೂ ಎಂಟು ಪುಟ್ಟ ತೋಳು. ನೀರಲ್ಲಿ ತೇಲಿ ಬರುವ ಸಣ್ಣ ಆಹಾರವನ್ನು ಅವು ಹಿಡಿದು ತಿನ್ನುತ್ತವೆ. ಹವಳದ ದಿಬ್ಬ ಕಟ್ಟುವ ಜೀವಿಗಳು ಬೇರೆ. ಅವುಗಳ ಮೈಯೊಳಗೆ ಪಾಚಿ ಇರುತ್ತದೆ, ಅದಕ್ಕೇ ಬಿಸಿಲು ಬೇಕು.

ಕೆಂಪು ಹವಳದ ಕೊಂಬೆ ವರ್ಷಕ್ಕೆ 1 ಮಿಲಿಮೀಟರ್ ಕೂಡ ದಪ್ಪ ಆಗುವುದಿಲ್ಲ. ಕಡಲೆಕಾಳಿನಷ್ಟು ಮಣಿ ಅಂದರೆ ಹತ್ತಾರು ವರ್ಷದ ಬೆಳವಣಿಗೆ! ಕೊಪ್ಪಳದ ನಮ್ಮ ಮನೆಯ ಸರವನ್ನು ನಾನು ಈಗ ಬೇರೆಯೇ ಕಣ್ಣಲ್ಲಿ ನೋಡುತ್ತೇನೆ.

ಆ ಎಲುಬು ಸುಣ್ಣದ ಜಾತಿಯದು, ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ತಾಗಿದರೆ ಮೇಲ್ಪದರ ಕರಗುತ್ತದೆ, ಹೊಳಪು ಹೋಗುತ್ತದೆ. ಬಂಗಾರಕ್ಕೆ ಹುಣಸೆಹಣ್ಣು ಸರಿ ಅನಿಸಬಹುದು, ಹವಳಕ್ಕೆ ಬೇಡವೇ ಬೇಡ. ನಿಂಬೆಹಣ್ಣೂ ಬೇಡ. ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹೋದ ಹೊಳಪಿಗೆ ಹವಳದ ಕೆಲಸ ಗೊತ್ತಿರುವ ಅಕ್ಕಸಾಲಿಗರಿಂದ ಪಾಲಿಶ್ ಮಾಡಿಸಿ.

ಮಗಳಿಗೆ ಜೀವಂತ ಹವಳ ನೋಡುವ ಆಸೆ ಇದ್ದರೆ, ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸುತ್ತ ಇದೆ. ಮುಟ್ಟದೆ ನೋಡಬೇಕು, ಅಲ್ವಾ?