ಕಲಬುರಗಿ ಕಡೆ ಲೇಖಕರು ತಮ್ಮ ಪುಸ್ತಕ ತಾವೇ ಪ್ರಕಟಿಸೋದು ಈಗ ಜಾಸ್ತಿ ಆಗಿದ್ದು ಯಾಕೆ?

ಮುಖ್ಯ ಕಾರಣ: ಈಗ 50 ಪ್ರತಿ ಬೇಕಿದ್ದರೆ ಬರೀ 50 ಪ್ರತಿಯನ್ನೇ ಅಚ್ಚು ಹಾಕಿಸಬಹುದು. ಮೊದಲು ಅದು ಕೈಗೆಟುಕುವ ಮಾತಾಗಿರಲಿಲ್ಲ.

ಆಫ್‌ಸೆಟ್ ಮುದ್ರಣದಲ್ಲಿ ಪುಟಗಳನ್ನು ಮೊದಲು ಲೋಹದ ಪ್ಲೇಟಿಗೆ ಇಳಿಸಬೇಕು. ನೂರು ಪ್ರತಿ ತೆಗೆದರೂ ಸಾವಿರ ತೆಗೆದರೂ ಪ್ಲೇಟಿನ ಖರ್ಚು ಅಷ್ಟೇ. ಹಾಗಾಗಿ ಒಂದೊಂದು ಪ್ರತಿಯ ಖರ್ಚು ಇಳಿಯಲಿ ಅಂತ ಸಾವಿರ ಪ್ರತಿ ಹಾಕಿಸುತ್ತಿದ್ದರು. ಅಷ್ಟು ದುಡ್ಡು ಹಾಕೋಕೆ ಪ್ರಕಾಶಕರೇ ಬೇಕಲ್ವಾ? ಡಿಜಿಟಲ್ ಯಂತ್ರಕ್ಕೆ ಪ್ಲೇಟೇ ಬೇಡ, ಪಿಡಿಎಫ್ ಕೊಟ್ಟರೆ ಸಾಕು. ಸಾವಿರ ಪ್ರತಿಗೆ ಇವತ್ತಿಗೂ ಆಫ್‌ಸೆಟ್ಟೇ ಅಗ್ಗ, ಆದರೆ ಮೊದಲ ಕವನ ಸಂಕಲನಕ್ಕೆ ಸಾವಿರ ಪ್ರತಿ ಯಾಕೆ ಬೇಕು!

ಉಳಿದ ಕೆಲಸ ಊರಲ್ಲೇ ಆಗುತ್ತದೆ. ಮದುವೆ ಕಾರ್ಡು ಮಾಡುವ ಡಿಟಿಪಿ ಅಂಗಡಿಯವರೇ ಪುಟ ಜೋಡಿಸಿ ಕೊಡುತ್ತಾರೆ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್, ಫೋನುಗಳಲ್ಲೂ ನಡೆಯುವ ಅಕ್ಷರ ವ್ಯವಸ್ಥೆಗೆ, ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. ಕರಡನ್ನು ಇನ್ನೊಬ್ಬರ ಕೈಲಿ ಓದಿಸಿ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ್ ರಾಯ್ ಹೆಸರಿನ ಕೇಂದ್ರ ಸರ್ಕಾರದ ಏಜೆನ್ಸಿಗೆ ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಇದಕ್ಕೂ ದುಡ್ಡು ಕೇಳುವವರಿದ್ದಾರೆ, ಸುಮ್ನೆ ಕೊಡಬೇಡಿ.

ಯುವ ಲೇಖಕರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಸಹಾಯಧನದ ಯೋಜನೆಯೂ ಇದೆ.

ನಿಜವಾದ ತಲೆನೋವು ಮಾರಾಟ. ಬೆಂಗಳೂರಿನ ಅಂಗಡಿಗಳಿಗೆ ಕಳಿಸಿದರೆ ಸಾಗಣೆ, ಕಮಿಷನ್ ಕಳೆದು ಕೈಗೆ ಸಿಗೋದು ಕಡಿಮೆ, ಅದೂ ತಡವಾಗಿ. ಅದಕ್ಕೇ ಇಲ್ಲಿ ಹಲವರು ಬಿಡುಗಡೆ ಸಮಾರಂಭದಲ್ಲೇ ಆದಷ್ಟು ಮಾರಿ, ಉಳಿದದ್ದಕ್ಕೆ ವಾಟ್ಸಾಪ್‌ನಲ್ಲಿ ಆರ್ಡರ್ ಹಿಡಿದು ಅಂಚೆಗೆ ಹಾಕುತ್ತಾರೆ.