ಕಾಲುವೆ ನೀರಿನ ಹೊಂಡದಲ್ಲಿ ಎಕರೆಗೆ ಎಷ್ಟು ಮೀನುಮರಿ ಬಿಡಬಹುದು? ಹೆಚ್ಚಾದರೆ ಏನಾಗುತ್ತೆ?

ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಲ್ಲಿ ಕಾಟ್ಲಾ, ರೋಹು ಸಾಕುವುದಾದರೆ ಮರಿಯ ಗಾತ್ರ ನೋಡಿ ಲೆಕ್ಕ ಹಾಕಿ. ಒಂದಿಂಚಿನ ಮರಿಯನ್ನು ಬೆರಳುದ್ದ ಮಾಡಲು ಎಕರೆಗೆ 80 ಸಾವಿರದಿಂದ 1.2 ಲಕ್ಷ, ಅಲ್ಲಿಂದ ಮಾರುವ ಗಾತ್ರಕ್ಕೆ ತರಲು 2ರಿಂದ 4 ಸಾವಿರ ಸಾಕು.

ಹೆಚ್ಚಿಗೆ ಸುರಿದರೆ ಮೊದಲು ಕೈಕೊಡುವುದು ಆಮ್ಲಜನಕ, ಅದೂ ಬೆಳಗಿನ ಜಾವ. ರಾತ್ರಿಯೆಲ್ಲ ಪಾಚಿಯೂ ಉಸಿರಾಡುತ್ತದಲ್ಲ! ಮರಿಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆ ದಿನ ಮೇವು ನಿಲ್ಲಿಸಿ, ಹೊಸ ನೀರು ಹಾಯಿಸಿ. ಬದುಕಿದವೂ ಮೇವಿನ ಪೈಪೋಟಿಯಲ್ಲಿ ಒಂದು ದೊಡ್ಡದು, ಹತ್ತು ಸಣಕಲು ಆಗುತ್ತವೆ. ಮೇವು ಹೆಚ್ಚಿಸಿದರೆ ಉಳಿದದ್ದು ಕೊಳೆತು ಮೀನಿಗೆ ವಿಷವಾದ ಅಮೋನಿಯಾ ನೀರಲ್ಲಿ ಏರುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ನೀರು ಐದು ಅಡಿಗಿಂತ ಇಳಿಯುವಂತಿದ್ದರೆ ಅರ್ಧದಷ್ಟೇ ಬಿಡಿ.